ಮನೆಯವರ ಜಾಕಿರ್ ಸಾಹೇಬರು



ಡಾ. ಜಾಕಿರ್ ಹುಸೇನ್ ಅವರ ಹೆಸರನ್ನು ನೀವೆಲ್ಲರೂ ಕೇಳಿರುತ್ತೀರಿ. ಬಿಳಿ ಗಡ್ಡ, ದಪ್ಪ ಕನ್ನಡಕ, ಶೇರ್ವಾನಿ ಮತ್ತು ಟೋಪಿಯ ಆ ಭಾವಚಿತ್ರವನ್ನು ಎಷ್ಟೋ ಶಾಲೆಗಳ ಗೋಡೆಯ ಮೇಲೆ ಕಂಡಿರುತ್ತೀರಿ. ಸಾಮಾನ್ಯ ಜ್ಞಾನದ ಪುಸ್ತಕಗಳಲ್ಲಿ ಅವರಿಗೆ ಎರಡು ಸಾಲು ಮೀಸಲು. ಭಾರತದ ಮೂರನೆಯ ರಾಷ್ಟ್ರಪತಿ, ಆ ಪದವಿಗೇರಿದ ಮೊದಲ ಮುಸ್ಲಿಮರು. ಅಧಿಕಾರದಲ್ಲಿರುವಾಗಲೇ ನಿಧನರಾದ ಮೊದಲ ರಾಷ್ಟ್ರಪತಿ. ನಾನು ಬಿ.ಎಡ್. ಓದುವಾಗ ವಾರ್ಧಾ ಶಿಕ್ಷಣ ಯೋಜನೆಯ ಪಾಠದಲ್ಲಿ ಅವರ ಹೆಸರನ್ನು ಕಂಠಪಾಠ ಮಾಡಿದ್ದೆ. ಹತ್ತು ಅಂಕದ ಪ್ರಶ್ನೆಗೆ ಬರೆಯುವಷ್ಟು ಗೊತ್ತಿತ್ತು, ಅದಕ್ಕಿಂತ ಹೆಚ್ಚೇನೂ ಗೊತ್ತಿರಲಿಲ್ಲ.

ಆದರೆ ಅವರಿಗೂ ಒಂದು ಮನೆ ಇತ್ತು. ಅವರು ಒಬ್ಬ ಹೆಣ್ಣುಮಗಳ ಗಂಡ, ತಮ್ಮಂದಿರಿಗೆ ಅಣ್ಣ, ತಂದೆ ಇಲ್ಲದ ಮಗುವಿಗೆ ಚಿಕ್ಕಪ್ಪ. ಶಾಲೆ ಕಟ್ಟಿದವರ ಬಗ್ಗೆ ನಾವು ಪ್ರತಿವರ್ಷ ಭಾಷಣ ಮಾಡುತ್ತೇವೆ. ಆ ಶಾಲೆಗಾಗಿ ಅವರ ಮನೆಯವರು ಏನು ಕೊಟ್ಟರು ಎಂದು ಕೇಳುವವರು ಕಡಿಮೆ. ಈ ಲೇಖನದಲ್ಲಿ ನಿಮ್ಮನ್ನು ರಾಷ್ಟ್ರಪತಿ ಭವನಕ್ಕಿಂತ ಹೆಚ್ಚಾಗಿ ಆ ಮನೆಯೊಳಕ್ಕೆ ಕರೆದುಕೊಂಡು ಹೋಗಬೇಕೆಂದಿದ್ದೇನೆ.

ಜಾಕಿರ್ ಸಾಹೇಬರು ಹುಟ್ಟಿದ್ದು 1897ರ ಫೆಬ್ರವರಿ 8ರಂದು, ನಮ್ಮ ನೆರೆಯ ಹೈದರಾಬಾದಿನಲ್ಲಿ. ಅವರ ಮನೆತನದ ಮೂಲ ಉತ್ತರ ಪ್ರದೇಶದ ಫರೂಕಾಬಾದ್ ಜಿಲ್ಲೆಯ ಕಾಯಮ್‌ಗಂಜ್. ಅದು ಪಠಾಣರ ಊರು, ಹಿಂದಿನ ಕಾಲದಲ್ಲಿ ಸೈನ್ಯಕ್ಕೆ ಸೇರುವವರೇ ಅಲ್ಲಿ ಹೆಚ್ಚು. ತಂದೆ ಫಿದಾ ಹುಸೇನ್ ಖಾನ್ ಅವರು ಆ ದಾರಿ ಬಿಟ್ಟು ಹೈದರಾಬಾದಿಗೆ ಬಂದು ವಕೀಲಿ ಮಾಡಿದರು, ಕಾನೂನಿನ ಪುಸ್ತಕಗಳನ್ನು ಪ್ರಕಟಿಸಿದರು, ಚೆನ್ನಾಗಿ ಗಳಿಸಿದರು. ಅವರಿಗೆ ಏಳು ಮಂದಿ ಗಂಡುಮಕ್ಕಳು. ಜಾಕಿರ್ ಮೂರನೆಯವರು.

1907ರಲ್ಲಿ, ಮಗನಿಗೆ ಹತ್ತು ವರ್ಷವಾಗಿದ್ದಾಗ, ತಂದೆ ತೀರಿಕೊಂಡರು. ತಾಯಿ ನಾಜ್ನೀನ್ ಬೇಗಮ್ ಮಕ್ಕಳನ್ನು ಕಟ್ಟಿಕೊಂಡು ಕಾಯಮ್‌ಗಂಜಿಗೆ ಹಿಂತಿರುಗಿದರು. ಗಂಡುಮಕ್ಕಳನ್ನು ಇಟಾವಾ ಪಟ್ಟಣದ ಇಸ್ಲಾಮಿಯಾ ಹೈಸ್ಕೂಲಿಗೆ ಕಳುಹಿಸಿ ಹಾಸ್ಟೆಲಿನಲ್ಲಿಟ್ಟು ಓದಿಸಿದರು. ಅಲ್ಲಿಯ ಮುಖ್ಯೋಪಾಧ್ಯಾಯರಾದ ಸೈಯದ್ ಅಲ್ತಾಫ್ ಹುಸೇನ್ ಅವರನ್ನು ಜಾಕಿರ್ ಸಾಹೇಬರು ಜೀವಮಾನವಿಡೀ ಮರೆಯಲಿಲ್ಲ. 1911ರಲ್ಲಿ ಪ್ಲೇಗ್ ಬಂತು, ತಾಯಿಯೂ ಹೋದರು. ಆ ಕಾಲದ ಪ್ಲೇಗಿನ ಕಥೆಗಳನ್ನು ನಮ್ಮ ಅಜ್ಜಿಯರ ಬಾಯಲ್ಲಿ ನೀವೂ ಕೇಳಿರಬಹುದು. ಊರಿಗೆ ಊರೇ ಮನೆಬಿಟ್ಟು ಹೊಲಗಳಲ್ಲಿ ಗುಡಿಸಲು ಹಾಕಿಕೊಳ್ಳುತ್ತಿದ್ದ ಕಾಲ ಅದು. ಹದಿನಾಲ್ಕನೇ ವಯಸ್ಸಿಗೆ ಜಾಕಿರ್ ಯತೀಮರಾದರು.

ಕಷ್ಟ ಅಲ್ಲಿಗೇ ಮುಗಿಯಲಿಲ್ಲ. ಆ ಮನೆಗೆ ಕ್ಷಯರೋಗ ಹೊಕ್ಕಿತ್ತು. ಏಳು ಮಂದಿ ಸಹೋದರರಲ್ಲಿ ಹಲವರು ವಯಸ್ಸಿಗೆ ಬರುತ್ತಲೇ ಮಣ್ಣು ಸೇರಿದರು. ಹಿರಿಯಣ್ಣ ಮುಜಫ್ಫರ್ ಹುಸೇನ್ ಒಂದು ಪುಟ್ಟ ಗಂಡುಮಗುವನ್ನು ಬಿಟ್ಟು ಹೋದರು. ಆ ಮಗುವಿನ ವಿಷಯಕ್ಕೆ ಮುಂದೆ ಬರುತ್ತೇನೆ. ಹೀಗೆ ಮೂರನೆಯವರಾಗಿ ಹುಟ್ಟಿದ ಜಾಕಿರ್ ಬಹಳ ಬೇಗ ಮನೆಗೆ ಹಿರಿಯರಾದರು.

1913ರಲ್ಲಿ ಅವರು ಅಲೀಗಢದ ಮೊಹಮ್ಮಡನ್ ಆಂಗ್ಲೋ ಓರಿಯೆಂಟಲ್ ಕಾಲೇಜು ಸೇರಿದರು. ವೈದ್ಯರಾಗಬೇಕೆಂಬ ಆಸೆಯಿಂದ ವಿಜ್ಞಾನ ಓದಿದರು. ಲಖನೌಗೆ ಹೋದವರು ಕಾಯಿಲೆ ಬಿದ್ದು, ಒಂದು ವರ್ಷ ಕಳೆದುಕೊಂಡು, ಅಲೀಗಢಕ್ಕೇ ಮರಳಿ ಸಾಹಿತ್ಯ ಮತ್ತು ಅರ್ಥಶಾಸ್ತ್ರ ಹಿಡಿದರು. 1915ರಲ್ಲಿ, ಹದಿನೆಂಟು ವರ್ಷದ ವಿದ್ಯಾರ್ಥಿಯಾಗಿದ್ದಾಗಲೇ, ಶಾಹ್‌ಜಹಾನ್ ಬೇಗಮ್ ಅವರೊಡನೆ ನಿಕಾಹ್ ಆಯಿತು.

ಈ ಬೇಗಮ್ ಸಾಹಿಬಾರ ಬಗ್ಗೆ ಪುಸ್ತಕಗಳಲ್ಲಿ ಹುಡುಕಿದರೆ ನಿಮಗೆ ಸಿಗುವುದು ಬಹಳ ಸ್ವಲ್ಪ. ಭಾಷಣ ಮಾಡಲಿಲ್ಲ, ಪುಸ್ತಕ ಬರೆಯಲಿಲ್ಲ, ಪರ್ದಾದಲ್ಲಿ ಬಾಳಿದವರು. ಆದರೆ ಗಂಡನ ಜೀವನದ ತಾರೀಖುಗಳನ್ನು ಒಂದು ಕಾಗದದ ಮೇಲೆ ಬರೆದು, ಅದರ ಪಕ್ಕದಲ್ಲಿ ಆ ದಿನಗಳಲ್ಲಿ ಈ ಹೆಣ್ಣುಮಗಳು ಎಲ್ಲಿದ್ದರು ಎಂದು ಯೋಚಿಸಿ ನೋಡಿ. ಆಗ ಬೇರೊಂದು ಚರಿತ್ರೆ ತೆರೆದುಕೊಳ್ಳುತ್ತದೆ.

1920ನೇ ಇಸವಿಯನ್ನೇ ತೆಗೆದುಕೊಳ್ಳಿ. ಅಕ್ಟೋಬರ್ ತಿಂಗಳಲ್ಲಿ ಗಾಂಧೀಜಿ ಮತ್ತು ಅಲಿ ಸಹೋದರರು ಅಲೀಗಢಕ್ಕೆ ಬಂದು ಸರ್ಕಾರದ ನೆರವಿನ ಕಾಲೇಜನ್ನು ಬಿಟ್ಟು ಬನ್ನಿ ಎಂದು ವಿದ್ಯಾರ್ಥಿಗಳಿಗೆ ಕರೆ ಕೊಟ್ಟರು. ಜಾಕಿರ್ ಆಗ ಎಂ.ಎ. ಓದುತ್ತಲೇ ಅಲ್ಲಿ ಪಾಠವನ್ನೂ ಹೇಳುತ್ತಿದ್ದರು. ಮುಂದೆ ಒಳ್ಳೆಯ ಸರ್ಕಾರಿ ನೌಕರಿ ಸಿಗುವುದು ಖಚಿತವಿತ್ತು. ಅದನ್ನೆಲ್ಲ ಬಿಟ್ಟು ಹೊರಬಂದವರಲ್ಲಿ ಅವರೂ ಒಬ್ಬರು. 1920ರ ಅಕ್ಟೋಬರ್ 29ರಂದು ಶೈಖುಲ್ ಹಿಂದ್ ಮೌಲಾನಾ ಮಹಮೂದ್ ಹಸನ್ ಅವರ ಹಸ್ತದಿಂದ ಜಾಮಿಯಾ ಮಿಲ್ಲಿಯಾ ಇಸ್ಲಾಮಿಯಾ ಅಲೀಗಢದಲ್ಲಿ ಸ್ಥಾಪನೆಯಾಯಿತು. ಗುಡಾರಗಳಲ್ಲಿ, ಬಾಡಿಗೆ ಮನೆಗಳಲ್ಲಿ ತರಗತಿಗಳು ನಡೆದವು. ಗಂಡನ ನೌಕರಿಯ ಮೇಲೆ ಸಂಸಾರ ನಿಲ್ಲುತ್ತದೆ ಎಂದುಕೊಂಡಿದ್ದ ಮನೆಯಲ್ಲಿ ಆ ಸಂಜೆ ಏನು ಮಾತಾಯಿತೋ, ಅದು ಯಾವ ಪುಸ್ತಕದಲ್ಲೂ ಇಲ್ಲ.

1922ರಲ್ಲಿ ಅವರು ಉನ್ನತ ವ್ಯಾಸಂಗಕ್ಕಾಗಿ ಜರ್ಮನಿಗೆ ಹೋದರು. ಬರ್ಲಿನ್ ವಿಶ್ವವಿದ್ಯಾಲಯದಲ್ಲಿ ಪ್ರಸಿದ್ಧ ಅರ್ಥಶಾಸ್ತ್ರಜ್ಞ ವೆರ್ನರ್ ಝೊಂಬಾರ್ಟ್ ಅವರ ಬಳಿ ಬ್ರಿಟಿಷ್ ಭಾರತದ ಕೃಷಿ ವ್ಯವಸ್ಥೆಯ ಮೇಲೆ ಸಂಶೋಧನೆ ಮಾಡಿ ಡಾಕ್ಟರೇಟ್ ಪಡೆದರು. ಅಲ್ಲಿ ಅವರು ಕೇವಲ ಓದಲಿಲ್ಲ. ಕಾವಿಯಾನಿ ಎಂಬ ಮುದ್ರಣಾಲಯದಲ್ಲಿ ಗಾಲಿಬರ ದೀವಾನನ್ನು ಕೈಗೆ ಹಿಡಿಯುವಷ್ಟು ಪುಟ್ಟದಾಗಿ, ಅಚ್ಚುಕಟ್ಟಾಗಿ ಅಚ್ಚು ಹಾಕಿಸಿದರು. ತಾವೇ ಮೊಳೆ ಜೋಡಿಸಲು ಕೂತರಂತೆ. ಉರ್ದು ಕಲಿಸುವ ನನಗೆ ಈ ಸಂಗತಿ ಬಹಳ ಇಷ್ಟ. ಆದರೆ ಆ ಮೂರೂವರೆ ವರ್ಷಗಳು ಬೇಗಮ್ ಸಾಹಿಬಾ ಇಲ್ಲೇ ಇದ್ದರು. ಹಡಗಿನಲ್ಲಿ ಬರುವ ಕಾಗದಗಳಿಗಾಗಿ ವಾರಗಟ್ಟಲೆ ಕಾಯುತ್ತಿದ್ದ ಕಾಲ. ಇಂದು ಗಲ್ಫ್‌ಗೆ ಹೋದ ಗಂಡಂದಿರಿಗಾಗಿ ಕಾಯುವ ನಮ್ಮ ಅಕ್ಕತಂಗಿಯರಿಗೆ ಫೋನಾದರೂ ಇದೆ.

ಇತ್ತ ಜಾಮಿಯಾ ಮುಳುಗುವ ಸ್ಥಿತಿಗೆ ಬಂದಿತ್ತು. ಖಿಲಾಫತ್ ಚಳವಳಿ ತಣ್ಣಗಾಗಿ ಅದರಿಂದ ಬರುತ್ತಿದ್ದ ಹಣ ನಿಂತುಹೋಯಿತು. ಮುಚ್ಚಿಬಿಡೋಣ ಎಂಬ ಮಾತು ಎದ್ದಿತು. ಹಕೀಮ್ ಅಜ್ಮಲ್ ಖಾನ್ ಅವರು ಹಠ ಹಿಡಿದು 1925ರಲ್ಲಿ ಅದನ್ನು ದೆಹಲಿಯ ಕರೋಲ್ ಬಾಗ್‌ಗೆ ಸ್ಥಳಾಂತರಿಸಿದರು. ಬರ್ಲಿನ್‌ನಲ್ಲಿದ್ದ ಜಾಕಿರ್ ಹುಸೇನ್, ಆಬಿದ್ ಹುಸೇನ್ ಮತ್ತು ಮುಹಮ್ಮದ್ ಮುಜೀಬ್ ಎಂಬ ಮೂವರು ಗೆಳೆಯರು, ತಾವು ತಮ್ಮ ಜೀವನವನ್ನೇ ಜಾಮಿಯಾಕ್ಕೆ ಕೊಡಲು ಸಿದ್ಧ, ತಾವು ಬರುವವರೆಗೆ ಮುಚ್ಚಬೇಡಿ ಎಂದು ಸುದ್ದಿ ಕಳುಹಿಸಿದರು. 1926ರಲ್ಲಿ ಮೂವರೂ ಬಂದರು. ಇಪ್ಪತ್ತೊಂಬತ್ತರ ಪ್ರಾಯದಲ್ಲಿ ಜಾಕಿರ್ ಸಾಹೇಬರು ಶೈಖುಲ್ ಜಾಮಿಯಾ, ಅಂದರೆ ಉಪಕುಲಪತಿ ಆದರು. ಹೆಸರು ದೊಡ್ಡದು, ಖಜಾನೆ ಬರಿದು. 1927ರ ಕೊನೆಯಲ್ಲಿ ಹಕೀಮ್ ಸಾಹೇಬರೂ ತೀರಿಕೊಂಡಾಗ ಆಸರೆಯಾಗಿದ್ದ ಕಂಬವೇ ಬಿದ್ದಂತಾಯಿತು.

1928ರಲ್ಲಿ ಅಲ್ಲಿನ ಅಧ್ಯಾಪಕರು ಒಂದು ಪ್ರತಿಜ್ಞೆ ಮಾಡಿದರು. ಇಪ್ಪತ್ತು ವರ್ಷ ಜಾಮಿಯಾವನ್ನು ಬಿಟ್ಟು ಹೋಗುವುದಿಲ್ಲ, ತಿಂಗಳಿಗೆ 150 ರೂಪಾಯಿಗಿಂತ ಹೆಚ್ಚು ಸಂಬಳ ಕೇಳುವುದಿಲ್ಲ. ಜಾಕಿರ್ ಸಾಹೇಬರು ತೆಗೆದುಕೊಳ್ಳುತ್ತಿದ್ದುದು ಅದಕ್ಕಿಂತಲೂ ಕಡಿಮೆ. ಅದೂ ಎಲ್ಲ ತಿಂಗಳೂ ಪೂರ್ತಿ ಕೈಗೆ ಬರುತ್ತಿರಲಿಲ್ಲ. ಜರ್ಮನಿಯ ಡಾಕ್ಟರೇಟ್ ಇದ್ದವರಿಗೆ ಬೇರೆ ಕಡೆ ಎಷ್ಟು ಸಿಗುತ್ತಿತ್ತು ಎಂಬುದನ್ನು ನೀವೇ ಊಹಿಸಿಕೊಳ್ಳಿ. ಪ್ರತಿಜ್ಞೆಗೆ ಸಹಿ ಹಾಕಿದವರು ಗಂಡಸರು, ನಿಜ. ಆದರೆ ಆ ಸಂಬಳದಲ್ಲಿ ಹಿಟ್ಟು, ಬೇಳೆ, ಎಣ್ಣೆ ತಂದು ಮನೆ ನಡೆಸಿದವರು ಅವರ ಹೆಂಡಂದಿರು. ಹೊತ್ತಲ್ಲದ ಹೊತ್ತಿನಲ್ಲಿ ಅತಿಥಿಗಳು ಬರುತ್ತಿದ್ದರು, ದಸ್ತರ್‌ಖಾನ್ ಹಾಸಲೇಬೇಕಿತ್ತು. ಸಹಾನುಭೂತಿಯುಳ್ಳವರಿಂದ ಚಿಕ್ಕಚಿಕ್ಕ ಮೊತ್ತ ಕೂಡಿಸಲು ಹಮ್‌ದರ್ದಾನೆ ಜಾಮಿಯಾ ಎಂಬ ಬಳಗ ಕಟ್ಟಿದರು. ನಮ್ಮ ಸಂಸ್ಥೆಗಳಿಗಾಗಿ ರಸೀದಿ ಪುಸ್ತಕ ಹಿಡಿದು ಅಂಗಡಿ ಅಂಗಡಿಗೆ ಹೋದವರಿಗೆ ಅದರ ಕಷ್ಟ ಗೊತ್ತು.

ಓದುಗರೇ, ಈಗ ಹೇಳುವ ಸಂಗತಿಯನ್ನು ನೀವು ಬೇರೆ ಕಡೆ ಕೇಳಿರಬಹುದು. ಶಿಕ್ಷಕರ ಸಮಾವೇಶಗಳಲ್ಲಿ ಕರ್ತವ್ಯನಿಷ್ಠೆಗೆ ಉದಾಹರಣೆಯಾಗಿ ಇದನ್ನು ಹೇಳುವುದುಂಟು. ಜಾಕಿರ್ ಸಾಹೇಬರಿಗೆ ರೇಹಾನಾ ಎಂಬ ಮೂರು ವರ್ಷದ ಮಗಳಿದ್ದಳು. ಕೆಂಪು ಕೆನ್ನೆಯ, ಎಲ್ಲರಿಗೂ ಪ್ರೀತಿಯ ಮಗು. ಒಂದು ದಿನ ಜಾಮಿಯಾದ ಪ್ರಾಥಮಿಕ ಶಾಲೆಯಲ್ಲಿ ಮಕ್ಕಳ ಸಮಾರಂಭ. ಜಾಕಿರ್ ಸಾಹೇಬರು ಮಕ್ಕಳಿಗೆ ಮಿಠಾಯಿ ಹಂಚುತ್ತಿದ್ದರು. ಮನೆಯಿಂದ ಜವಾನ ಬಂದು ಮಗುವಿಗೆ ತುಂಬ ಹುಷಾರಿಲ್ಲ ಎಂದು ಕಿವಿಯಲ್ಲಿ ಹೇಳಿದ. ಅವರು ಹಂಚುತ್ತಲೇ ಇದ್ದರು. ಸ್ವಲ್ಪ ಹೊತ್ತಿಗೆ ಮತ್ತೆ ಬಂದು ಮಗು ಹೋಯಿತು ಎಂದ. ಅವರ ಮುಖ ಬಿಳಿಚಿಕೊಂಡಿತು, ಕೈ ಮಾತ್ರ ನಿಲ್ಲಲಿಲ್ಲ. ಕೊನೆಯ ಮಗುವಿಗೂ ಮಿಠಾಯಿ ಕೊಟ್ಟಾದ ಮೇಲೆಯೇ ಎಲ್ಲರಿಗೂ ವಿಷಯ ತಿಳಿದದ್ದು. ಏಕೆ ಎದ್ದು ಹೋಗಲಿಲ್ಲ ಎಂದು ಕೇಳಿದವರಿಗೆ, ಮಕ್ಕಳು ಅಷ್ಟು ಸಂತೋಷವಾಗಿದ್ದರು, ಅದನ್ನು ಕೆಡಿಸಲು ಮನಸ್ಸಾಗಲಿಲ್ಲ ಎಂಬರ್ಥದ ಉತ್ತರ ಕೊಟ್ಟರಂತೆ.

ಈ ಕಥೆಯನ್ನು ಮೊದಲ ಸಲ ಕೇಳಿದಾಗ ಎಲ್ಲರೂ ಚಪ್ಪಾಳೆ ತಟ್ಟಿದರು. ನಾನು ತಟ್ಟಲಿಲ್ಲ. ಸತ್ಯ ಹೇಳುತ್ತೇನೆ, ನನಗೆ ಸಿಟ್ಟು ಬಂದಿತ್ತು. ನನ್ನ ಮಗನಿಗೆ ಎರಡು ವರ್ಷವಾಗಿದ್ದಾಗ ಶಾಲೆಯ ವಾರ್ಷಿಕೋತ್ಸವದ ದಿನ ಅವನಿಗೆ ಜ್ವರ ಏರಿದೆ ಎಂದು ಅತ್ತೆಯವರು ಫೋನ್ ಮಾಡಿದರು. ನಾನು ನಿರೂಪಣೆಯ ಚೀಟಿಗಳನ್ನು ಬೇರೆ ಟೀಚರ್ ಕೈಗಿತ್ತು ಆಟೋ ಹಿಡಿದು ಓಡಿದೆ. ಅದರಲ್ಲಿ ತಪ್ಪೇನೂ ಇಲ್ಲವೆಂದು ಇವತ್ತಿಗೂ ನಂಬಿದ್ದೇನೆ. ಹಾಗಾದರೆ ಕರೋಲ್ ಬಾಗ್‌ನ ಆ ಮನೆಯಲ್ಲಿ ತಣ್ಣಗಾದ ಮಗುವನ್ನು ಮಡಿಲಲ್ಲಿಟ್ಟುಕೊಂಡು, ಬಾಗಿಲ ಕಡೆ ನೋಡುತ್ತಾ ಕೂತಿದ್ದ ತಾಯಿಯ ಕರ್ತವ್ಯಕ್ಕೆ ಚಪ್ಪಾಳೆ ತಟ್ಟುವವರು ಯಾರು?

ಆಮೇಲೆ ಇದೇ ಪ್ರಸಂಗದ ಇನ್ನೊಂದು ತುಣುಕು ಓದಿದೆ. ಅದನ್ನು ಭಾಷಣಗಳಲ್ಲಿ ಯಾರೂ ಹೇಳುವುದಿಲ್ಲ. ಅದನ್ನು ತಿಳಿಸಿದವರು ಶಾಹ್‌ಜಹಾನ್ ಬೇಗಮ್ ಅವರೇ. ಮಗು ಹೋದ ಮೇಲೆ ಎಷ್ಟೋ ದಿನಗಳ ಕಾಲ ಬೆಳಿಗ್ಗೆ ಎದ್ದು ನೋಡಿದರೆ ಗಂಡನ ದಿಂಬು ಒದ್ದೆಯಾಗಿರುತ್ತಿತ್ತಂತೆ. ಹಗಲಿನಲ್ಲಿ ಅವರು ಆ ಬಗ್ಗೆ ಬಾಯಿಬಿಡುತ್ತಿರಲಿಲ್ಲ, ಇವರೂ ಕೇಳುತ್ತಿರಲಿಲ್ಲ. ಗಂಡನ ಕಣ್ಣೀರನ್ನು ದಿಂಬಿನಲ್ಲಿ ಕಂಡು, ದಿಂಬಿನ ಚೀಲ ಬದಲಿಸಿ, ಸುಮ್ಮನಿದ್ದ ಹೆಂಡತಿ. ಇದನ್ನು ಓದಿದ ಮೇಲೆ ನನ್ನ ಸಿಟ್ಟು ಪೂರ್ತಿ ಹೋಯಿತು ಎಂದು ಹೇಳಲಾರೆ. ಆದರೆ ಅಂದಿನಿಂದ ಅವರ ಭಾವಚಿತ್ರ ನೋಡಿದಾಗಲೆಲ್ಲ ನನಗೆ ಆ ದಿಂಬೇ ನೆನಪಾಗುತ್ತದೆ.

ಜಾಕಿರ್ ಸಾಹೇಬರು ಮಕ್ಕಳಿಗಾಗಿ ಕಥೆಗಳನ್ನು ಬರೆದರು. ತಮ್ಮ ಹೆಸರು ಹಾಕಿಕೊಳ್ಳಲಿಲ್ಲ. ರುಖಯ್ಯಾ ರೇಹಾನಾ ಎಂಬ ಹೆಸರಿನಲ್ಲಿ ಅವು ಪ್ರಕಟವಾದವು. ಹೋದ ಮಗಳ ಹೆಸರು.

ಅವುಗಳಲ್ಲಿ ಅಬ್ಬೂ ಖಾನನ ಆಡು ಎಂಬ ಕಥೆ ಎಲ್ಲರಿಗೂ ಪ್ರಿಯ. ಮೂಲದಲ್ಲಿ ಇದು ಫ್ರೆಂಚ್ ಲೇಖಕ ದೊದೆ ಬರೆದ ಕಥೆ. ಸಾಹೇಬರು ಅದನ್ನು ಅಲ್ಮೋಡಾದ ಬೆಟ್ಟಗಳಿಗೆ ತಂದು ಪೂರ್ತಿ ನಮ್ಮದಾಗಿಸಿದರು. ಅಬ್ಬೂ ಖಾನ್ ಒಬ್ಬಂಟಿ ಮುದುಕ. ಅವನು ಸಾಕಿದ ಆಡುಗಳೆಲ್ಲ ಹಗ್ಗ ಕಿತ್ತುಕೊಂಡು ಬೆಟ್ಟಕ್ಕೆ ಓಡಿ ತೋಳದ ಬಾಯಿಗೆ ಬೀಳುತ್ತವೆ. ಚಾಂದನಿ ಎಂಬ ಚೆಲುವಾದ ಆಡೂ ಹಾಗೆಯೇ ಓಡುತ್ತದೆ. ಒಂದು ದಿನ ಸ್ವತಂತ್ರವಾಗಿ ಬೆಟ್ಟದಲ್ಲಿ ಮೇಯುತ್ತದೆ, ರಾತ್ರಿಯಿಡೀ ತೋಳದೊಡನೆ ಕಾದಾಡಿ, ಬೆಳಗಿನ ಅಜಾನ್ ಕೇಳುವ ಹೊತ್ತಿಗೆ ನೆಲಕ್ಕೆ ಬೀಳುತ್ತದೆ. ಮರದ ಮೇಲಿನ ಹಕ್ಕಿಗಳೆಲ್ಲ ತೋಳವೇ ಗೆದ್ದಿತು ಎನ್ನುತ್ತವೆ. ಒಂದು ಮುದಿ ಹಕ್ಕಿ ಮಾತ್ರ ಗೆದ್ದದ್ದು ಚಾಂದನಿ ಎನ್ನುತ್ತದೆ.

ನಾನು ಇದನ್ನು ಉರ್ದು ಪಿರಿಯಡ್‌ನಲ್ಲಿ ಹೇಳಿದ ಮೇಲೆ ಕನ್ನಡ ಪಿರಿಯಡ್‌ನಲ್ಲೂ ಹೇಳುತ್ತೇನೆ. ಒಮ್ಮೆ ಆರನೇ ತರಗತಿಯ ಹುಡುಗಿಯೊಬ್ಬಳು ಪುಣ್ಯಕೋಟಿಯನ್ನು ನೆನೆದು, ಆ ಹಸು ಮಾತು ಉಳಿಸಿಕೊಳ್ಳಲು ಹುಲಿಯ ಹತ್ತಿರ ವಾಪಸ್ಸು ಹೋಯಿತು, ಈ ಆಡು ಯಾಕೆ ಮುದುಕನ ಹತ್ತಿರ ವಾಪಸ್ಸು ಬರಲಿಲ್ಲ ಎಂದು ಕೇಳಿದಳು. ಅರ್ಧ ಗಂಟೆ ತರಗತಿಯಲ್ಲಿ ದೊಡ್ಡ ಚರ್ಚೆಯಾಯಿತು. ಅಬ್ಬೂ ಖಾನನ ಪರ ಮಾತಾಡಿದವರೂ ಇದ್ದರು. ಹಗ್ಗ ಉದ್ದ ಮಾಡಿದ್ದ, ಪ್ರೀತಿಯಿಂದ ಸಾಕಿದ್ದ, ಪಾಪ ಅವನಿಗೆ ಯಾರಿದ್ದಾರೆ ಎಂದರು. ಪ್ರೀತಿಯ ಜೀವ ಕೈಬಿಟ್ಟು ಹೋದ ಮನುಷ್ಯನ ಒಂಟಿತನ ಈ ಕಥೆಯಲ್ಲಿ ಅಷ್ಟು ಚೆನ್ನಾಗಿ ಬಂದಿರುವುದು ಏಕೆ ಎಂಬುದನ್ನು ಲೇಖಕರ ಹೆಸರಿನ ಜಾಗದಲ್ಲಿರುವ ಹೆಸರೇ ಹೇಳುತ್ತದೆ.

ಜಾಮಿಯಾದ ಮಕ್ಕಳ ವಿಭಾಗದ ಮಾತು ಬಂದಾಗ ಇನ್ನೊಬ್ಬ ಮಹಿಳೆಯನ್ನು ಸ್ಮರಿಸಬೇಕು. ಬರ್ಲಿನ್‌ನಲ್ಲಿ ಪರಿಚಯವಾದ ಗೆರ್ಡಾ ಫಿಲಿಪ್ಸ್‌ಬೋರ್ನ್ ಎಂಬ ಯಹೂದಿ ಮಹಿಳೆ, ಹಿಟ್ಲರನ ಕಾಲದ ಆರಂಭದಲ್ಲಿ ತಮ್ಮ ದೇಶ ಬಿಟ್ಟು ಬಂದು ಜಾಮಿಯಾದ ಪುಟಾಣಿಗಳನ್ನು ನೋಡಿಕೊಂಡರು. ಮಕ್ಕಳು ಅವರನ್ನು ಆಪಾಜಾನ್ ಎಂದು ಕರೆಯುತ್ತಿದ್ದರು. 1943ರಲ್ಲಿ ಅವರು ದೆಹಲಿಯಲ್ಲೇ ತೀರಿಕೊಂಡರು. ಜಾಮಿಯಾದ ಖಬರಸ್ತಾನದಲ್ಲಿಯೇ ಅವರ ಸಮಾಧಿ ಇದೆ. 1935ರ ಮಾರ್ಚ್ 1ರಂದು ಓಖ್ಲಾದಲ್ಲಿ ಜಾಮಿಯಾದ ಸ್ವಂತ ಕಟ್ಟಡಕ್ಕೆ ಅಡಿಗಲ್ಲು ಹಾಕಿದ್ದು ಯಾವ ನವಾಬರೂ ಅಲ್ಲ, ನಾಯಕರೂ ಅಲ್ಲ. ಶಾಲೆಯ ಅತಿ ಚಿಕ್ಕ ವಿದ್ಯಾರ್ಥಿ ಅಬ್ದುಲ್ ಅಜೀಜ್ ಎಂಬ ಹುಡುಗ. ನಮ್ಮ ಸಂಘಸಂಸ್ಥೆಗಳವರು ಇದನ್ನು ಒಮ್ಮೆ ಯೋಚಿಸಬಹುದು. ಅಡಿಗಲ್ಲಿನ ಮೇಲೆ ಯಾರ ಹೆಸರು ಮೊದಲು ಬರಬೇಕು ಎಂಬ ಜಗಳ ನಮಗೆ ಹೊಸದಲ್ಲವಲ್ಲ.

ವಾರ್ಧಾ ಯೋಜನೆಯ ಬಗ್ಗೆ ಹೆಚ್ಚು ಬರೆಯುವುದಿಲ್ಲ. 1937ರಲ್ಲಿ ಗಾಂಧೀಜಿಯವರ ಮೂಲ ಶಿಕ್ಷಣದ ಕಲ್ಪನೆಗೆ ರೂಪ ಕೊಡುವ ಸಮಿತಿಗೆ ಅವರು ಅಧ್ಯಕ್ಷರಾದರು. ಏಳು ವರ್ಷದ ಉಚಿತ ಕಡ್ಡಾಯ ಶಿಕ್ಷಣ, ಮಾತೃಭಾಷೆಯಲ್ಲಿ ಬೋಧನೆ, ಕೈಕಸುಬಿನ ಮೂಲಕ ಕಲಿಕೆ, ಇಷ್ಟು ನೆನಪಿಟ್ಟುಕೊಂಡರೆ ಸಾಕು.

ಈಗ ಅವರ ತಮ್ಮಂದಿರ ವಿಷಯ. ಯೂಸುಫ್ ಹುಸೇನ್ ಖಾನ್ ಪ್ಯಾರಿಸ್‌ನಲ್ಲಿ ಡಾಕ್ಟರೇಟ್ ಪಡೆದು ಹೈದರಾಬಾದಿನ ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ಇತಿಹಾಸದ ಪ್ರಾಧ್ಯಾಪಕರಾದರು. ಇಕ್ಬಾಲರ ಮೇಲೆ ಅವರು ಬರೆದ ರೂಹೆ ಇಕ್ಬಾಲ್ ಗ್ರಂಥವನ್ನು ಉರ್ದು ಎಂ.ಎ. ಮಾಡಿದವರು ಬಲ್ಲರು. ಎಲ್ಲರಿಗಿಂತ ಕಿರಿಯರು ಮಹಮೂದ್ ಹುಸೇನ್. ತಂದೆ ಹೋದ ವರ್ಷ 1907ರಲ್ಲೇ ಹುಟ್ಟಿದ ಈ ತಮ್ಮನಿಗೆ ತಂದೆಯ ಮುಖವೂ ನೆನಪಿರಲಾರದು. ಅವರೂ ಜಾಮಿಯಾದಲ್ಲಿ ಓದಿ, ಜರ್ಮನಿಯ ಹೈಡೆಲ್‌ಬರ್ಗ್‌ನಲ್ಲಿ ಡಾಕ್ಟರೇಟ್ ಪಡೆದು, ಢಾಕಾ ವಿಶ್ವವಿದ್ಯಾಲಯದಲ್ಲಿ ಇತಿಹಾಸ ಕಲಿಸುತ್ತಿದ್ದರು.

ದೇಶ ಒಡೆಯುವ ದಿನಗಳು ಬಂದವು. 1946ರ ನವೆಂಬರ್‌ನಲ್ಲಿ ಜಾಮಿಯಾದ ಬೆಳ್ಳಿಹಬ್ಬ. ಒಬ್ಬರ ಮುಖ ಒಬ್ಬರು ನೋಡದಂತಿದ್ದ ಕಾಲದಲ್ಲಿ ಜಾಕಿರ್ ಸಾಹೇಬರು ಒಂದೇ ವೇದಿಕೆಗೆ ನೆಹರೂ, ಆಜಾದ್, ರಾಜಾಜಿಯವರನ್ನೂ ಜಿನ್ನಾ, ಲಿಯಾಖತ್ ಅಲಿ ಖಾನ್ ಅವರನ್ನೂ ಕರೆತಂದರು. ದೇಶದಲ್ಲಿ ಹತ್ತಿಕೊಂಡ ದ್ವೇಷದ ಬೆಂಕಿಯನ್ನು ಆರಿಸಿ ಎಂದು ಎಲ್ಲರನ್ನೂ ಕೈಮುಗಿದು ಬೇಡಿಕೊಂಡರು. ಬೆಂಕಿ ಆರಲಿಲ್ಲ. 1947ರ ಆಗಸ್ಟ್‌ನಲ್ಲಿ ಅವರು ವಿಶ್ರಾಂತಿಗಾಗಿ ಕಾಶ್ಮೀರಕ್ಕೆ ಹೊರಟಾಗ ಜಾಲಂಧರ್ ನಿಲ್ದಾಣದಲ್ಲಿ ಗುಂಪೊಂದು ಅವರನ್ನು ಕೊಲ್ಲಲು ಸುತ್ತುವರಿಯಿತು. ಒಬ್ಬ ಸಿಖ್ ಸೇನಾಧಿಕಾರಿ ಮತ್ತು ಒಬ್ಬ ಹಿಂದೂ ರೈಲ್ವೆ ಅಧಿಕಾರಿ ಗುರುತು ಹಿಡಿದು ಜೀವ ಉಳಿಸಿದರು. ಮುಂದಿನ ದಿನಗಳಲ್ಲಿ ಕರೋಲ್ ಬಾಗ್‌ನಲ್ಲಿದ್ದ ಜಾಮಿಯಾದ ಪುಸ್ತಕ ಭಂಡಾರ ಸುಟ್ಟು ಬೂದಿಯಾಯಿತು. ಇಷ್ಟಾದರೂ ಅವರು ಓಖ್ಲಾದಿಂದ ಕದಲಲಿಲ್ಲ.

ತಮ್ಮ ಮಹಮೂದ್ ಮಾತ್ರ ಪಾಕಿಸ್ತಾನದವರಾದರು. ಅಲ್ಲಿ ಶಿಕ್ಷಣ ಸಚಿವರಾದರು, ಢಾಕಾ ಮತ್ತು ಕರಾಚಿ ವಿಶ್ವವಿದ್ಯಾಲಯಗಳ ಉಪಕುಲಪತಿಗಳಾದರು. ಗಮನಿಸಿ, ಕರಾಚಿಯ ಮಲೀರ್‌ನಲ್ಲಿ ಅವರು ಒಂದು ಶಿಕ್ಷಣ ಸಂಸ್ಥೆ ಕಟ್ಟಿದಾಗ ಅದಕ್ಕೆ ಇಟ್ಟ ಹೆಸರು ಜಾಮಿಯಾ ಮಿಲ್ಲಿಯಾ. ಅಣ್ಣ ಒಂದು ದೇಶದ ಉಪರಾಷ್ಟ್ರಪತಿ, ರಾಷ್ಟ್ರಪತಿ. ತಮ್ಮ ಇನ್ನೊಂದು ದೇಶದ ಗಣ್ಯರು. ಅಣ್ಣ ಉಪರಾಷ್ಟ್ರಪತಿಯಾಗಿದ್ದಾಗಲೇ, 1965ರಲ್ಲಿ, ಎರಡೂ ದೇಶಗಳ ನಡುವೆ ಯುದ್ಧವಾಯಿತು. ಹೀಗೆ ಗಡಿಯ ಆಚೆ ಈಚೆ ಹಂಚಿಹೋದ ಮನೆಗಳು ನಮ್ಮ ಕರ್ನಾಟಕದಲ್ಲೂ ಇವೆ. ಮದುವೆಯ ಕಾಗದ ಬರುತ್ತದೆ, ಹೋಗಲಾಗುವುದಿಲ್ಲ. ಸಾವಿನ ಸುದ್ದಿ ಬರುತ್ತದೆ, ಮಣ್ಣಿಗೆ ಸೇರಲಾಗುವುದಿಲ್ಲ. ಆ ನೋವನ್ನು ಇಷ್ಟು ದೊಡ್ಡ ಮನೆಯೂ ಉಂಡಿತು ಎಂಬುದು ಎಷ್ಟೋ ಜನರಿಗೆ ಗೊತ್ತಿಲ್ಲ.

ಇನ್ನು ಆ ತಂದೆಯಿಲ್ಲದ ಮಗು. ಹಿರಿಯಣ್ಣ ಮುಜಫ್ಫರ್ ಹುಸೇನ್ ಬಿಟ್ಟುಹೋದ ಮಗನ ಹೆಸರು ಮಸೂದ್, ಜನನ 1919. ಚಿಕ್ಕಪ್ಪನ ಜಾಮಿಯಾದ ಶಾಲೆಯಲ್ಲೇ ಆ ಹುಡುಗ ಅಕ್ಷರ ಕಲಿತು ಬೆಳೆದ. ಮುಂದೆ ಡಾ. ಮಸೂದ್ ಹುಸೇನ್ ಖಾನ್ ಎಂದು ಪ್ರಸಿದ್ಧರಾದರು. ಉರ್ದು ಭಾಷೆಯ ಹುಟ್ಟಿನ ಬಗ್ಗೆ ಅವರು ಬರೆದದ್ದನ್ನು ಓದದೆ ಇವತ್ತಿಗೂ ಯಾರೂ ಉರ್ದು ಭಾಷಾಶಾಸ್ತ್ರ ಕಲಿಯಲಾರರು. ನಮಗೆ ಅವರು ಇನ್ನೂ ಹತ್ತಿರದವರು. ಬಿಜಾಪುರದ ಎರಡನೇ ಇಬ್ರಾಹಿಂ ಆದಿಲ್ ಶಾಹರ ಆಸ್ಥಾನದಲ್ಲಿದ್ದ ಅಬ್ದುಲ್ ಎಂಬ ಕವಿಯ ಇಬ್ರಾಹೀಂ ನಾಮಾ ಕಾವ್ಯವನ್ನು ಸಂಪಾದಿಸಿ ಪ್ರಕಟಿಸಿದವರು ಇವರೇ. ನಮ್ಮ ಮನೆಗಳಲ್ಲಿ ಆಡುವ ದಖನಿಯನ್ನು ಒರಟು ಮಾತೆಂದು ನಗುವವರ ಮುಂದೆ ಇಂಥ ವಿದ್ವಾಂಸರ ಹೆಸರು ಹೇಳಬಹುದು. ಮಸೂದ್ ಸಾಹೇಬರು 1973ರಿಂದ 1978ರವರೆಗೆ ಜಾಮಿಯಾದ ಉಪಕುಲಪತಿಗಳಾಗಿದ್ದರು. ಚಿಕ್ಕಪ್ಪ ಹಸಿದು ಉಳಿಸಿದ ಸಂಸ್ಥೆಯ ಅದೇ ಕುರ್ಚಿಯಲ್ಲಿ ಅಣ್ಣನ ಮಗ ಕುಳಿತರು. ಆದರೆ ಅದನ್ನು ನೋಡಲು ಚಿಕ್ಕಪ್ಪ ಇರಲಿಲ್ಲ. ಮಸೂದ್ ಸಾಹೇಬರು 2010ರಲ್ಲಿ ನಿಧನರಾದರು.

ಜಾಕಿರ್ ಸಾಹೇಬರ ಪದವಿಗಳನ್ನು ಬೇಗ ಹೇಳಿ ಮುಗಿಸುತ್ತೇನೆ. 1948ರಿಂದ 1956ರವರೆಗೆ ಅಲೀಗಢ ವಿಶ್ವವಿದ್ಯಾಲಯದ ಉಪಕುಲಪತಿ, 1957ರಿಂದ ಬಿಹಾರದ ರಾಜ್ಯಪಾಲರು, 1962ರಲ್ಲಿ ಉಪರಾಷ್ಟ್ರಪತಿ, 1963ರಲ್ಲಿ ಭಾರತ ರತ್ನ, 1967ರ ಮೇ 13ರಂದು ರಾಷ್ಟ್ರಪತಿ. ಹೋದಲ್ಲೆಲ್ಲ ಅವರು ಗುಲಾಬಿ ಬೆಳೆಸಿದರು, ಬಗೆಬಗೆಯ ಕಲ್ಲುಗಳನ್ನು ಕೂಡಿಹಾಕಿದರು. ಚಂಡೀಗಢದ ದೊಡ್ಡ ಗುಲಾಬಿ ತೋಟಕ್ಕೆ ಅವರ ಹೆಸರೇ ಇದೆ. ಸಕ್ಕರೆ ಕಾಯಿಲೆ ಮತ್ತು ಕಣ್ಣಿನ ತೊಂದರೆ ಮಾತ್ರ ಜೊತೆ ಬಿಡಲಿಲ್ಲ.

ಬೇಗಮ್ ಸಾಹಿಬಾ ರಾಷ್ಟ್ರಪತಿ ಭವನಕ್ಕೂ ಬಂದರು. ಮುನ್ನೂರ ನಲವತ್ತು ಕೋಣೆಗಳ ಆ ಅರಮನೆಯಲ್ಲೂ ಅವರು ಕರೋಲ್ ಬಾಗ್‌ನ ಬಾಡಿಗೆ ಮನೆಯಲ್ಲಿದ್ದಂತೆಯೇ ಇದ್ದರು. ಪರ್ದಾ ಬಿಡಲಿಲ್ಲ, ಸಮಾರಂಭಗಳಿಂದ ದೂರವೇ ಉಳಿದರು. ದೇಶದ ಮೊದಲ ಮಹಿಳೆ ಎಂಬ ಬಿರುದನ್ನು ಹೊತ್ತವರಲ್ಲಿ ಇಷ್ಟು ಕಡಿಮೆ ಕಣ್ಣಿಗೆ ಬಿದ್ದವರು ಬಹುಶಃ ಇನ್ನೊಬ್ಬರಿಲ್ಲ.

1969ರ ಏಪ್ರಿಲ್ ಕೊನೆಯಲ್ಲಿ ಜಾಕಿರ್ ಸಾಹೇಬರು ಅಸ್ಸಾಂ ಕಡೆಯ ಪ್ರವಾಸ ಮುಗಿಸಿ ದಣಿದು ಬಂದರು. ಮೇ 3ರ ಬೆಳಿಗ್ಗೆ ಎಂದಿನಂತೆ ವೈದ್ಯರು ಪರೀಕ್ಷೆಗೆ ಬಂದರು. ಒಂದು ನಿಮಿಷ ಎಂದು ಸ್ನಾನದ ಕೋಣೆಗೆ ಹೋದವರು ಹೊರಗೆ ಬರಲಿಲ್ಲ. ಬಾಗಿಲು ತೆರೆದು ನೋಡಿದಾಗ ಬಿದ್ದಿದ್ದರು. ಹೃದಯಾಘಾತ. ಎಪ್ಪತ್ತೆರಡು ವರ್ಷ ವಯಸ್ಸಾಗಿತ್ತು. ಮದುವೆಯಾಗಿ ಐವತ್ತನಾಲ್ಕು ವರ್ಷ.

ಅವರ ಅಳಿಯ ಖುರ್ಷಿದ್ ಆಲಂ ಖಾನ್ ಅವರು 1991ರಿಂದ 1999ರವರೆಗೆ ನಮ್ಮ ಕರ್ನಾಟಕದ ರಾಜ್ಯಪಾಲರಾಗಿದ್ದುದು ನಿಮ್ಮಲ್ಲಿ ಹಿರಿಯರಿಗೆ ನೆನಪಿರಬಹುದು. ಸಾಹೇಬರ ಮಗಳು ಸಯೀದಾ ಅವರ ಪತಿ ಇವರು. ಹೀಗೆ ಆ ಮನೆಯ ಮಗಳು ಬೆಂಗಳೂರಿನ ರಾಜಭವನದಲ್ಲೂ ಬಾಳಿದ್ದುಂಟು.

ಜಾಕಿರ್ ಸಾಹೇಬರನ್ನು ಓಖ್ಲಾದ ಜಾಮಿಯಾ ಆವರಣದಲ್ಲಿಯೇ ಮಣ್ಣು ಮಾಡಿದರು. ವಾಸ್ತುಶಿಲ್ಪಿ ಹಬೀಬ್ ರಹಮಾನ್ ಅವರು ಅಲ್ಲಿ ಒಂದು ಸರಳವಾದ ಗುಮ್ಮಟ ಕಟ್ಟಿದರು. ಸುತ್ತಲೂ ಗಾಳಿ ಬೆಳಕು ಓಡಾಡುವಂತೆ ಜಾಲಂದರಗಳಿವೆ, ಆಡಂಬರವಿಲ್ಲ. ದೆಹಲಿಗೆ ಹೋದಾಗ ನೀವು ಅಲ್ಲಿಗೆ ಹೋಗಿ ಫಾತಿಹಾ ಓದಿ. ಆ ಗುಮ್ಮಟದ ಕೆಳಗೆ ಎರಡು ಸಮಾಧಿಗಳಿವೆ. ಇನ್ನೊಂದು ಶಾಹ್‌ಜಹಾನ್ ಬೇಗಮ್ ಅವರದು.